ಹೊಂಬಮ್ಮನ ಹೆಸರಿನ ಡಬ್ಬಿ

ನಾನು ಒಂದು ಡಬ್ಬಿ. ಒಂದೂವರೆ ಲೀಟರು ಹಿಡಿಯುವ, ಬಿಗಿಯಾದ ಮುಚ್ಚಳವೂ ಬಾಗಿದ ಹಿಡಿಯೂ ಇರುವ ಸ್ಟೀಲ್ ಡಬ್ಬಿ. ನಮ್ಮವರು ಇಲ್ಲದ ಅಡುಗೆಮನೆ ಇಲ್ಲ, ಆದರೂ ಯಾರೂ ನಮ್ಮನ್ನು ತಿರುಗಿ ನೋಡುವುದಿಲ್ಲ. ನನ್ನಷ್ಟು ದೂರ ಬಂದ ಡಬ್ಬಿ ಮಾತ್ರ ನಮ್ಮ ವಂಶದಲ್ಲಿ ಇನ್ನೊಂದು ಇರಲಾರದು. ಇದು ಜಂಬ ಎನ್ನಿಸಿದರೆ ಎನ್ನಿಸಲಿ. ವಯಸ್ಸಾದವರ ಜಂಬವನ್ನು ಸ್ವಲ್ಪ ಸಹಿಸಿಕೊಳ್ಳಬೇಕು.

ತಗಡನ್ನು ಅಚ್ಚಿಗೆ ಕೊಟ್ಟು ಒತ್ತಿ ನನ್ನನ್ನು ಮಾಡಿದ ಕಾರ್ಖಾನೆ ನನಗೆ ಅಷ್ಟಾಗಿ ನೆನಪಿಲ್ಲ. ಕಿವಿ ಹೋಗುವಂಥ ಸದ್ದು, ಮೈ ತಿಕ್ಕಿ ಹೊಳಪು ಕೊಟ್ಟ ಚಕ್ರ, ಅಷ್ಟೇ. ನಾನು ನಿಜವಾಗಿ ಹುಟ್ಟಿದ್ದು ರಾಮನಗರದ ಒಂದು ಪಾತ್ರೆ ಅಂಗಡಿಯಲ್ಲಿ, ನನ್ನ ಮೈಮೇಲೆ ಹೆಸರು ಬಿದ್ದ ದಿನ. ಆವತ್ತು ಹೊಂಬಮ್ಮ ಗೂಡು ಮಾರುಕಟ್ಟೆಯಿಂದ ನೇರವಾಗಿ ಅಂಗಡಿಗೆ ಬಂದಿದ್ದಳು. ಅವಳು ರೇಷ್ಮೆ ಹುಳು ಸಾಕುವವಳು. ಸೀರೆಯ ತುಂಬ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಎಂಟು ಡಬ್ಬಿಗಳನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಬಡಿದು ಸದ್ದು ಕೇಳಿ, ಕೊನೆಗೆ ನನ್ನನ್ನು ಆರಿಸಿದಳು.

"ಹೆಸ್ರು ಹಾಕ್ಕೊಡಪ್ಪ" ಎಂದಳು.

ಅಂಗಡಿಯವನು ಕರೆಂಟಿನ ಪೆನ್ನು ತೆಗೆದುಕೊಂಡು, "ಯಾರ್ ಹೆಸ್ರಮ್ಮ? ಮಗಳದಾ?" ಎಂದು ಕೇಳಿದ.

"ಮಗಳ ಹೆಸ್ರು ಬ್ಯಾಡ. ಅವಳ ಹೆಸ್ರು ಹಾಕುದ್ರೆ ಅದು ಅವಳ್ದೇ ಆಗೋಯ್ತದೆ. ನಂದು ಹಾಕು. ನನ್ ಹೆಸ್ರಿದ್ರೆ ವಾಪಸ್ ತಂದ್ಕೊಡ್ಬೇಕಾಯ್ತದಲ್ಲ."

ಪೆನ್ನು ಗುರ್ ಎಂದು ನನ್ನ ಹೊಟ್ಟೆಯ ಮೇಲೆ ಓಡಾಡಿತು. ನೋವಾಗಲಿಲ್ಲ, ಕಚಗುಳಿಯಾಯಿತು. 'ಹೊಂಬಮ್ಮ' ಎಂದು ಬರೆದು, ಪಕ್ಕದಲ್ಲಿ ಒಂದು ಹೂವನ್ನೂ ಬಿಡಿಸಿದ. ಅಕ್ಷರ ಬಾರದ ಹೊಂಬಮ್ಮ ಅವನಿಂದ ಅದನ್ನು ಮೂರು ಸಲ ಓದಿಸಿ, ಹಣೆಗೆ ಒತ್ತಿಕೊಂಡು ಮನೆಗೆ ತಂದಳು.

ಅವಳ ಮಗಳು ಯಶೋದ. ಅಳಿಯ ಕೆಂಪರಾಜು ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಮೇಸ್ತ್ರಿ. ಅವನಿಗೆ ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯ ಒಂದು ಸಣ್ಣ ಊರಿನಲ್ಲಿ ಕೆಲಸ ಸಿಕ್ಕಿತ್ತು. ಹೊಸ ಯಂತ್ರಗಳನ್ನು ಕೂರಿಸಿ, ಅಲ್ಲಿನವರಿಗೆ ಕಲಿಸಿಕೊಡುವ ಕೆಲಸ. ಎರಡೂವರೆ ವರ್ಷದ ಕರಾರು. ಯಶೋದ ಎರಡು ತುಂಬುತ್ತಿದ್ದ ಮಗಳು ಇಂಚರಳನ್ನು ಎತ್ತಿಕೊಂಡು ಜೊತೆಗೆ ಹೊರಟಳು. ಹೊಂಬಮ್ಮ ಮೊಳಕೆ ಕಟ್ಟಿ ಬೀಸಿದ ರಾಗಿಹಿಟ್ಟನ್ನು ನನ್ನೊಳಗೆ ಒತ್ತಿ ಒತ್ತಿ ತುಂಬಿದಳು.

"ಮಗೀಗೆ ಸರಿ ಕಾಯ್ಸ್ಕೊಡು. ಡಬ್ಬಿ ನಂದು, ಗ್ಯಾನ ಇರ್ಲಿ. ನೀನೇ ತಂದ್ಕೊಡ್ಬೇಕು. ಬರೀ ಡಬ್ಬಿ ತರ್ಬ್ಯಾಡ ಮತ್ತೆ. ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರ್ದು. ಏನಾರಾ ಹಾಕ್ಕೊಂಡ್ ಬಾ" ಎಂದಳು.

ಯಶೋದ ನಕ್ಕಳು. ಹೊಂಬಮ್ಮ ನಗಲಿಲ್ಲ.

ನಾವು ಹೋಗಿ ಇಳಿದದ್ದು ಜನವರಿಯಲ್ಲಿ. ಕೊಳಾಯಿಯ ನೀರು ಮುಟ್ಟಿದರೆ ಕೈ ಕಡಿಯುವ ಚಳಿ. ನಾವಿದ್ದ ಓಣಿಯಲ್ಲಿ ಪ್ರತಿ ಮನೆಗೂ ಬೀದಿಯ ಕಡೆ ಎತ್ತರದ ಮಣ್ಣಿನ ಗೋಡೆ, ಗೋಡೆಗೊಂದು ನೀಲಿ ಬಾಗಿಲು. ಒಳಗೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಒಂದೂ ತಿಳಿಯದು. ಕೆಂಪರಾಜು ಬೆಳಗ್ಗೆ ಹಾಲು ತಂದುಕೊಟ್ಟು ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ಮಾತು ಬಾರದ ಊರಿನಲ್ಲಿ ಯಶೋದ ಬಾಗಿಲು ಹಾಕಿಕೊಂಡೇ ದಿನ ದೂಡಿದಳು. ಮಗುವಿನೊಡನೆ ಮಾತು, ಮಗು ಮಲಗಿದರೆ ನನ್ನೊಡನೆ. ನನ್ನ ಮೈಮೇಲಿನ ಹೆಸರನ್ನು ಉಗುರಿನಿಂದ ಗೀರುತ್ತ, "ಅವ್ವ, ಈಗ ಅಲ್ಲಿ ಹುಳಕ್ಕೆ ಸೊಪ್ಪು ಹಾಕ್ತಿರ್ತೀಯ ಅಲ್ವ?" ಎನ್ನುತ್ತಿದ್ದಳು.

ಇಂಚರಳಿಗೆ ರಾಗಿ ಸರಿ ಒಂದಿದ್ದರೆ ಸಾಕು. ಬೇರೆ ಏನು ಕೊಟ್ಟರೂ "ಬ್ಯಾಡ" ಎಂದು ಬಾಯಿ ಬಿಗಿ ಹಿಡಿಯುತ್ತಿದ್ದಳು. ಪೆಟ್ಟಿಗೆಯಲ್ಲಿ ತಂದಿದ್ದ ರಾಗಿ ಏಪ್ರಿಲ್ ತನಕ ಬಂತು. ಕೊನೆಯ ಹಿಡಿ ಹಿಟ್ಟನ್ನು ಯಶೋದ ನನ್ನ ತಳದಿಂದ ಕೆರೆದು ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಶುರುವಾಯಿತು ಉಪವಾಸ. ಅನ್ನ ಬೇಡ, ರೊಟ್ಟಿ ಬೇಡ, ಆಲೂಗಡ್ಡೆ ಬೇಡ. ಹಾಲು ಮಾತ್ರ ನಾಲ್ಕು ಗುಟುಕು. ಹತ್ತೇ ದಿನದಲ್ಲಿ ಮಗುವಿನ ಕೈಬಳೆ ಮೊಣಕೈ ತನಕ ಜಾರತೊಡಗಿತು. ವೈದ್ಯರು ನೋಡಿ ಏನೂ ತೊಂದರೆ ಇಲ್ಲ ಎಂದರು. ಹೆತ್ತವಳಿಗೆ ಅದೆಲ್ಲಿ ಸಮಾಧಾನ?

ಅದೇ ವಾರ ಕೆಂಪರಾಜು ಯಂತ್ರ ಜೋಡಿಸಲು ಬೇರೆ ಊರಿಗೆ ಹೋಗಬೇಕಾಯಿತು. ಯಶೋದ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಶುಕ್ರವಾರ ಬಂದ್ ತಕ್ಷಣ ನಂಗೂ ಮಗೂಗೂ ಟಿಕೆಟ್ ಮಾಡ್ಸಿ. ನಿಮ್ ಕರಾರು ಮುಗ್ಸ್ಕೊಂಡ್ ನೀವ್ ಬನ್ನಿ. ನನ್ ಮಗು ಉಣ್ಣದ ಊರಲ್ಲಿ ನಾನಿರಲ್ಲ."

ಊರಿಗೆ ಹೋಗುತ್ತೇವೆ ಎಂದು ನನಗೆ ಒಳಗೊಳಗೇ ಖುಷಿ. ಆದರೆ ಎರಡು ವರ್ಷ ತಂದೆಯ ಮುಖ ನೋಡದೆ ಇರಬೇಕಾದ ಮಗುವನ್ನು ಕಂಡು ಪಾಪವೂ ಅನ್ನಿಸಿತು.

ಗಂಡ ಊರಲ್ಲಿಲ್ಲದ ಮೇಲೆ ಹಾಲು ತರುವವರು ಯಾರು? ಓಣಿಯ ತುದಿಯಲ್ಲಿ ಕಾಲುವೆ, ಅದರ ಸೇತುವೆಯ ಹತ್ತಿರ ಒಬ್ಬಳು ಬೆಳಗ್ಗೆ ಎಂಟೂವರೆ ತನಕ ಹಾಲು ಮಾರುತ್ತಾಳೆ ಎಂದು ಕೆಂಪರಾಜು ಹೇಳಿ ಹೋಗಿದ್ದ. ಮಂಗಳವಾರ ಬೆಳಗ್ಗೆ ಯಶೋದ ಧೈರ್ಯ ಮಾಡಿ, ಮಗಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ, ನನ್ನನ್ನು ಹಿಡಿದು ಬಾಗಿಲು ತೆಗೆದಳು. ಕೆಂಪರಾಜುವಿನ ಕಾಲಿಗೆ ಅದು ಐದು ನಿಮಿಷದ ದಾರಿ. ಇಂಚರಳ ಕಾಲಿಗೆ ಎಷ್ಟು ಎಂಬುದು ಆವತ್ತು ಗೊತ್ತಾಯಿತು.

ಬಾಗಿಲು ದಾಟಿದ ಕೂಡಲೇ ಅವಳು ನನ್ನ ಹಿಡಿಯನ್ನು ಕಿತ್ತುಕೊಂಡಳು. "ನಾನು!" ಎಂದಳು. ಅವಳ ಎತ್ತರಕ್ಕೆ ನಾನು ನೆಲಕ್ಕೆ ತಾಗುತ್ತಿದ್ದೆ. ದರದರ ಎಳೆದುಕೊಂಡು ಹೊರಟಳು. ಇವತ್ತಿಗೂ ನನ್ನ ತಳದಲ್ಲಿ ಆ ಗೀರುಗಳಿವೆ. ಹತ್ತು ಹೆಜ್ಜೆಗೆ ಒಂದು ಬೆಕ್ಕು ಸಿಕ್ಕಿತು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ವಿಚಾರಣೆ ನಡೆಯಿತು. ಆಮೇಲೆ ನೀರಿನ ಸಣ್ಣ ಕಾಲುವೆ. ಅದರೊಳಗೆ ಕಡ್ಡಿ ಬಿಟ್ಟು, ಅದು ಹೋಗುವುದನ್ನು ನೋಡಿ, ಇನ್ನೊಂದು ಕಡ್ಡಿ. ಆಮೇಲೆ ನುಣ್ಣನೆಯ ಕಲ್ಲುಗಳು. ಒಂದೊಂದನ್ನೇ ಆರಿಸಿ ನನ್ನ ಹೊಟ್ಟೆಗೆ ಹಾಕಿ, ಪ್ರತಿ ಸಲವೂ ಕಿವಿ ಇಟ್ಟು ಕೇಳಿದಳು.

"ಬಾರವ್ವ, ಹಾಲಮ್ಮ ಹೊಂಟೋಗ್ತಾಳೆ" ಎಂದು ಯಶೋದ ಅಂಗಲಾಚಿದಳು. ಎತ್ತಿಕೊಂಡರೆ ಕೂಗಾಟ, ಇಳಿಸಿದರೆ ಕೂತುಬಿಡುವುದು. ನೀಲಿ ಬಾಗಿಲುಗಳ ಸಂದಿಯಿಂದ ಯಾರೋ ನೋಡಿದರು. ಅವಳು ನಾಚಿಕೆಯಿಂದ ತಲೆ ತಗ್ಗಿಸಿ ನಡೆದಳು.

ಸೇತುವೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಹಾಲಿನವಳು ಇರಲಿಲ್ಲ. ಕ್ಯಾನು ಇಟ್ಟಿದ್ದ ಜಾಗದಲ್ಲಿ ನೆಲ ದುಂಡಗೆ ಒದ್ದೆಯಾಗಿತ್ತು, ಅಷ್ಟೇ. ಯಶೋದ ಅದನ್ನೇ ನೋಡುತ್ತ ನಿಂತಳು. ಆ ದೇಶಕ್ಕೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒಂದು ಲೀಟರ್ ಹಾಲ್ ತರಕ್ಕಾಗ್ಲಿಲ್ವಲ್ಲ ನನ್ ಕೈಲಿ" ಎಂದಳು.

ಇಂಚರ ಅಮ್ಮನ ಮುಖ ನೋಡಿ, ನನ್ನ ಹೊಟ್ಟೆಯೊಳಗಿಂದ ಒಂದು ಕಲ್ಲು ತೆಗೆದು ಅವಳ ಕೈಗೆ ಕೊಟ್ಟಳು. ಅವಳ ಬಳಿ ಇದ್ದದ್ದು ಅದೇ.

ವಾಪಸು ಬರುವಾಗ ಒಂದು ಕತ್ತೆಗಾಡಿ ನಮ್ಮನ್ನು ದಾಟಿ ಹೋಯಿತು. ಗಾಡಿಯ ತುಂಬ ಎಲೆ ತುಂಬಿದ ಹಸಿ ಕೊಂಬೆಗಳು. ಬಿದ್ದ ಒಂದು ಎಲೆಯನ್ನು ಮಗು ಎತ್ತಿಕೊಂಡಿತು. ಇನ್ನೊಂದು ಬಿತ್ತು, ಅದನ್ನೂ ಎತ್ತಿಕೊಂಡಿತು. ಹಾಗೇ ಎಲೆ ಆರಿಸುತ್ತ, ಗಾಡಿ ನುಗ್ಗಿದ ತೆರೆದ ನೀಲಿ ಬಾಗಿಲೊಳಗೆ ನನ್ನನ್ನು ಎಳೆದುಕೊಂಡು ನುಗ್ಗಿಯೇಬಿಟ್ಟಿತು. ಯಶೋದ ಗಾಬರಿಯಿಂದ ಹಿಂದೆ ಓಡಿ ಬಂದವಳು ಅಂಗಳದಲ್ಲಿ ಥಟ್ಟನೆ ನಿಂತಳು. ಮೂಗರಳಿಸಿದಳು. ಹಿಪ್ಪುನೇರಳೆ ಸೊಪ್ಪು, ಜೊತೆಗೆ ಹುಳುಮನೆಯ ಆ ಬೆಚ್ಚನೆಯ ವಾಸನೆ. ಅವಳು ಹುಟ್ಟಿ ಬೆಳೆದ ಮನೆಯ ವಾಸನೆ.

ಮಗು ಆಗಲೇ ಒಂದು ಕೋಣೆಯ ಹೊಸ್ತಿಲ ಹತ್ತಿರ ಹೋಗಿತ್ತು. ಒಳಗಿಂದ ದಪ್ಪನೆಯ ಒಬ್ಬ ಹೆಂಗಸು ಕೈಬೀಸುತ್ತ, ಗದರುತ್ತ ಹೊರಗೆ ಬಂದಳು. ಹುಳು ಸಾಕುವ ಮನೆಗೆ ಅಪರಿಚಿತರು ಕಾಲಿಟ್ಟರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ಅವಳು ತಲುಪುವ ಮೊದಲೇ ಯಶೋದ ಮಗಳನ್ನು ಹಿಡಿದು ಹಿಂದಕ್ಕೆ ಎಳೆದಿದ್ದಳು.

"ಎಣ್ಣೆ ತಲೇಲಿ ಹುಳುಮನೆಗೆ ಹೋಗ್ಬಾರ್ದು ಕಣೇ!" ಎಂದು ಬೈದು, ತನ್ನ ಶಾಲನ್ನು ಮಗುವಿನ ತಲೆಗೆ ಬಿಗಿಯಾಗಿ ಸುತ್ತಿದಳು. ತನ್ನ ಚಪ್ಪಲಿ ಬಿಟ್ಟಳು, ಮಗುವಿನದನ್ನೂ ಬಿಚ್ಚಿದಳು. ಅಂಗಳದ ನಲ್ಲಿಯಲ್ಲಿ ಇಬ್ಬರ ಕೈಕಾಲೂ ತೊಳೆದಳು. ಯಾರೂ ಹೇಳದೆ, ತನ್ನ ಅವ್ವನ ಮನೆಯಲ್ಲಿದ್ದಂತೆ ಇಷ್ಟನ್ನೂ ಮಾಡಿ, ಆಮೇಲೆ ತಾನೆಲ್ಲಿದ್ದೇನೆ ಎಂದು ನೆನಪಾಗಿ ತಪ್ಪು ಮಾಡಿದವಳಂತೆ ನಿಂತುಕೊಂಡಳು.

ಆ ಹೆಂಗಸಿನ ಕೈ ಗಾಳಿಯಲ್ಲೇ ನಿಂತಿತು. ಮುಖ ಮೆತ್ತಗಾಯಿತು. "ಕೆಲಿಂಗ್, ಕೆಲಿಂಗ್" ಎಂದಳು. ಬನ್ನಿ ಎಂದು. ಅವಳು ಸನೋಬರ್. ಓಣಿಯವರೆಲ್ಲ ಅವಳನ್ನು ಸನೋಬರ್ ಖೋಲಾ ಎನ್ನುತ್ತಿದ್ದರು. ಖೋಲಾ ಎಂದರೆ ಚಿಕ್ಕಮ್ಮ.

ಕೋಣೆಯಲ್ಲಿ ತಟ್ಟೆಗಳ ತುಂಬ ಹುಳುಗಳು. ಒಂದೂ ಸೊಪ್ಪು ತಿನ್ನುತ್ತಿರಲಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಪೊರೆ ಬಿಡುವ ಮುನ್ನ ಅವು ಹಾಗೆ ಕೂರುತ್ತವೆ.

"ಜ್ವರಕ್ಕೆ ಕೂತವೆ" ಎಂದಳು ಯಶೋದ. ನಮ್ಮ ಕಡೆ ಅದಕ್ಕೆ ಜ್ವರ ಎಂದೇ ಹೆಸರು. ಎರಡು ಬೆರಳು ತೋರಿಸಿ, "ಎರಡ್ನೇದಾ?" ಎಂದು ಕೇಳಿದಳು. ಸನೋಬರ್ ಕೂಡ ಎರಡು ಬೆರಳು ಎತ್ತಿ, ಅಂಗೈಯನ್ನು ಕೆನ್ನೆಗೆ ಇಟ್ಟು ಕಣ್ಣು ಮುಚ್ಚಿ ತೋರಿಸಿದಳು. ಇವರ ಕಡೆ ಅದು ನಿದ್ದೆ. ನಾವು ಜ್ವರ ಎನ್ನುವುದನ್ನು ಇವರು ನಿದ್ದೆ ಎನ್ನುತ್ತಾರೆ ಎಂದು ತಿಳಿದು ಯಶೋದಳಿಗೆ ಯಾಕೋ ಎದೆ ಹಗುರಾಯಿತು.

ಸನೋಬರ್ ಮಗುವಿನ ಮಣಿಕಟ್ಟು ಹಿಡಿದು ನೋಡಿದಳು. ಜಾರುವ ಬಳೆಯನ್ನು ಮೇಲಕ್ಕೆ ಸರಿಸಿದಳು. ಪ್ರಶ್ನೆ ಕೇಳುವಂತೆ ಹುಬ್ಬೆತ್ತಿದಳು. ಯಶೋದ ಬಾಯಿಗೆ ಕೈ ತೋರಿಸಿ, ಇಲ್ಲ ಎಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂದವು. ಸನೋಬರ್ ಹುಳುಗಳ ಕಡೆ ಬೆರಳು ಮಾಡಿದಳು, ಆಮೇಲೆ ಮಗುವಿನ ಕಡೆ. ಕೆನ್ನೆಗೆ ಕೈ ಇಟ್ಟು ಕಣ್ಣು ಮುಚ್ಚಿದಳು. ತಟ್ಟನೆ ಕಣ್ಣು ಬಿಟ್ಟು, ಬಾಯಿ ಅಗಲಿಸಿ, ಎರಡೂ ಕೈಯಲ್ಲಿ ಬಕಾಸುರನಂತೆ ತಿಂದು ತೋರಿಸಿದಳು. ಇಂಚರ ಕಿಲಕಿಲ ನಕ್ಕಳು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ!

"ಹೂಂ ಖೋಲಾ. ಎದ್ಮೇಲೆ ಎಂಗ್ ತಿಂತವೆ ಅಂತ ನಂಗೊತ್ತು" ಎಂದಳು ಯಶೋದ ಕನ್ನಡದಲ್ಲೇ.

ಸನೋಬರ್ ನನ್ನನ್ನು ಎತ್ತಿಕೊಂಡು, ಒಳಗಿದ್ದ ಕಲ್ಲುಗಳನ್ನು ನೋಡಿ ನಕ್ಕು, ಸುರಿದು, ತೊಳೆದಳು. ಅಡುಗೆಮನೆಯಿಂದ ಒಂದು ಪಾತ್ರೆ ತಂದು ಅದರಲ್ಲಿದ್ದ ಗಟ್ಟಿ ಪದಾರ್ಥವನ್ನು ನನ್ನೊಳಗೆ ಹಾಕಿದಳು. ಮೊಳಕೆ ಗೋಧಿಯ ಹಾಲನ್ನು ಗಂಟೆಗಟ್ಟಲೆ ಕೈಬಿಡದೆ ತಿರುವಿ ಮಾಡುವ ಅವರ ವಸಂತ ಹಬ್ಬದ ಸಿಹಿ ಅದು, ಸುಮಲಕ್. ಆ ವರ್ಷ ಓಣಿಯವರು ಅದನ್ನು ತಡವಾಗಿ ಮಾಡಿದ್ದರಂತೆ. ನೋಡಲು ಕಂದು ಬಣ್ಣ, ಮೆತ್ತಗೆ, ಹೊಳೆಯುತ್ತಿತ್ತು. ಇಂಚರ ನನ್ನೊಳಗೆ ಇಣುಕಿದಳು.

"ಸರಿ!" ಎಂದು ಕೂಗಿದಳು.

ಬೆರಳು ಅದ್ದಿ ನೆಕ್ಕಿದಳು. ಇನ್ನೊಂದು ಸಲ ಅದ್ದಿದಳು. ಆಮೇಲೆ ಚಮಚ ಬಂತು. ಅಂಗಳದ ಏಪ್ರಿಕಾಟ್ ಮರದ ಕೆಳಗಿನ ಅಗಲವಾದ ಮಂಚದ ಮೇಲೆ ಕೂತು ಆ ಮಗು ಹದಿನೇಳು ಚಮಚ ತಿಂದಿತು. ಅಷ್ಟರ ತನಕ ಯಶೋದ ಎಣಿಸಿದಳು, ಆಮೇಲೆ ದೃಷ್ಟಿಯಾದೀತೆಂದು ಎಣಿಸುವುದನ್ನು ಬಿಟ್ಟಳು. ನಾನು ಹೇಳುತ್ತೇನೆ, ಇಪ್ಪತ್ತೆರಡು.

ಉಳಿದದ್ದನ್ನು ಮನೆಗೆ ತಂದೆವು. ಮಧ್ಯಾಹ್ನ ಬಡಿಸುವಾಗ ಚಮಚಕ್ಕೆ ಟಣ್ ಎಂದು ಏನೋ ತಾಗಿತು. ಕಲ್ಲು! ಯಶೋದ ದಂಗಾದಳು. ನಮ್ಮ ಕಡೆ ಅನ್ನದಲ್ಲಿ ಹರಳು ಸಿಕ್ಕರೇ ಅಡುಗೆಯವಳ ಮಾನ ಹೋಗುತ್ತದೆ, ಇದೋ ನೆಲ್ಲಿಕಾಯಿ ಗಾತ್ರದ್ದು. ಪಾಪ, ಯಾರಿಗೂ ಹೇಳಬಾರದು ಎಂದು ಮೆಲ್ಲಗೆ ಬಾಗಿಲ ಹೊರಗೆ ಎಸೆದಳು. ಡಬ್ಬಿ ನಮ್ಮದೇ ಆದರೂ, ಮಾರನೆಯ ದಿನ ಖೋಲಾಗೆ ಏನಾದರೂ ಕೊಡಲೇಬೇಕಲ್ಲ? ಹುರಿಗಡಲೆ, ಬೆಲ್ಲ ಕುಟ್ಟಿ ತಂಬಿಟ್ಟು ಮಾಡಿ ನನ್ನಲ್ಲಿ ತುಂಬಿದಳು. ಸನೋಬರ್ ಮುಚ್ಚಳ ತೆಗೆದಾಗ ತಂಬಿಟ್ಟಿನ ಮೇಲೆ ಅದೇ ಕಲ್ಲು ಕೂತಿತ್ತು! ದಾರಿಯಲ್ಲಿ ಇಂಚರ ಅದನ್ನು ಹುಡುಕಿ ತಂದು ಹಾಕಿದ್ದಳು. ಯಶೋದ ಭೂಮಿ ಬಾಯಿಬಿಡಬಾರದೇ ಎಂದುಕೊಂಡಳು. ಸನೋಬರ್ ಮಾತ್ರ ಆ ಕಲ್ಲನ್ನು ಕಣ್ಣಿಗೆ ಒತ್ತಿಕೊಂಡು ಯಶೋದಳನ್ನು ತಬ್ಬಿಕೊಂಡಳು. ಅದು ಅವರು ಬೇಕೆಂದೇ ತೊಳೆದು ಹಾಕುವ ಕಲ್ಲು, ಅದು ಯಾರ ಪಾಲಿಗೆ ಬಂತೋ ಅವರ ಆಸೆ ಈಡೇರುತ್ತದೆ, ಅಂಥ ಅದೃಷ್ಟವನ್ನೇ ಈ ಹುಡುಗಿ ತನಗೆ ಬಿಟ್ಟುಕೊಟ್ಟಳು ಎಂದು ಅವಳು ತಿಳಿದಿದ್ದಳು. ಇದು ನಮಗೆ ಗೊತ್ತಾಗಿದ್ದು ನಾಲ್ಕು ಮಾತು ಕಲಿತಿದ್ದ ಕೆಂಪರಾಜು ಊರಿಗೆ ಬಂದು ವಿಚಾರಿಸಿದ ಮೇಲೆ.

ಅವನು ಶುಕ್ರವಾರ ಬಂದ. ಬಂದವನೇ, "ಭಾನುವಾರಕ್ಕೆ ಟಿಕೆಟ್ ಅದೆಯಂತೆ" ಎಂದ, ಮುಖ ಸಪ್ಪಗೆ ಮಾಡಿಕೊಂಡು.

"ಸ್ವಲ್ಪ ದಿನ ತಡೀರಿ. ಮಗು ಜ್ವರದಿಂದ ಎದ್ದದೆ" ಎಂದಳು ಯಶೋದ.

"ಜ್ವರ ಬಂದಿತ್ತಾ? ನಂಗ್ಯಾಕ್ ಹೇಳ್ಲಿಲ್ಲ?" ಎಂದು ಅವನು ಗಾಬರಿಯಿಂದ ಮಗುವಿನ ಹಣೆ ಮುಟ್ಟಿದ. ಮಗು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಅವನನ್ನು ನೋಡಿತು. ರೇಷ್ಮೆಯಲ್ಲೇ ಹುಟ್ಟಿ ಬೆಳೆದವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಮುಖ ತೊಳೆಯುವ ನೆವದಲ್ಲಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದ.

ಇಲ್ಲಿಂದ ಶುರುವಾಯಿತು ನನ್ನ ಪಜೀತಿ. ಪಾತ್ರೆಯನ್ನು ಖಾಲಿ ಕಳಿಸಬಾರದು ಎಂಬುದು ಹೊಂಬಮ್ಮನ ಶಾಸ್ತ್ರ. ಆ ಓಣಿಯಲ್ಲೂ ಅದೇ ಶಾಸ್ತ್ರ! ಯಶೋದ ಚಿತ್ರಾನ್ನ ಕಳಿಸಿದರೆ ಸನೋಬರ್ ಮೊಸರು ತುಂಬಿ ಕಳಿಸುವಳು. ಮೊಸರಿನ ಡಬ್ಬಿ ತೊಳೆದರೆ ಅದರಲ್ಲಿ ಕೋಡುಬಳೆ ಹೋಗಲೇಬೇಕು. ಕೋಡುಬಳೆಗೆ ಪ್ರತಿಯಾಗಿ ದ್ರಾಕ್ಷಿ. ಯಾರು ನಿಲ್ಲಿಸಬೇಕು? ನಿಲ್ಲಿಸಿದವರು ಮರ್ಯಾದೆಗೆಟ್ಟವರು. ಇಬ್ಬರಿಗೂ ಮಾಡಿ ಮಾಡಿ ಸಾಕಾಗಿ, ಇಬ್ಬರೂ ಬಿಡದೆ, ಎರಡು ವರ್ಷ ನಾನು ಒಂದು ದಿನವೂ ಮೈ ಆರಿಸಿಕೊಂಡವನಲ್ಲ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ದಿನಗಳಲ್ಲಿ ಯಶೋದ ಸೊಂಟ ಕಟ್ಟಿ ಅವರ ಮನೆಯಲ್ಲೇ ದುಡಿದಳು. ಮೂರು ತುಂಬಿದ ಮೇಲೆ ಇಂಚರ ಒಬ್ಬಳೇ ನನ್ನನ್ನು ಹೊತ್ತುಕೊಂಡು ಹೋಗಿ ಬರತೊಡಗಿದಳು. ಈ ಬಾಗಿಲಲ್ಲಿ ಯಶೋದ ನಿಂತು ನೋಡುವಳು, ಆ ಬಾಗಿಲಲ್ಲಿ ಸನೋಬರ್. ನನ್ನ ಬಾಳಿನ ಒಳ್ಳೆಯ ದಿನಗಳು ಯಾವುವು ಎಂದು ಕೇಳಿದರೆ ನಾನು ಆ ಎರಡು ಬಾಗಿಲುಗಳ ನಡುವಿನ ದಾರಿಯನ್ನೇ ತೋರಿಸುತ್ತೇನೆ.

ಕರಾರು ಮುಗಿಯಿತು. ಹೊರಡುವ ಬೆಳಗ್ಗೆ ಕಾರು ಬಂದು ನಿಂತಾಗ ನಾನು ಸನೋಬರ್ ಮನೆಯಲ್ಲಿದ್ದೆ. ಅವಳು ಒಣಗಿಸಿದ ಏಪ್ರಿಕಾಟನ್ನು ನನ್ನ ಕತ್ತಿನ ತನಕ ತುಂಬಿ, ಆ ಅದೃಷ್ಟದ ಕಲ್ಲನ್ನೂ ಒಳಗಿಟ್ಟು, ಓಡಿ ಬಂದು ಯಶೋದಳ ಕೈಗೆ ಕೊಟ್ಟಳು. ಸದ್ಯ, ಊರಿಗೆ ಹೋಗುತ್ತೇನೆ, ಹೊಂಬಮ್ಮ ಹೇಳಿದಂತೆ ತುಂಬಿಕೊಂಡೇ ಹೋಗುತ್ತೇನೆ ಎಂದು ನಾನು ಹಿಗ್ಗಿದೆ.

ಯಶೋದ ನನ್ನನ್ನು ಎದೆಗೆ ಒತ್ತಿಕೊಂಡಳು. ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ಸನೋಬರಳ ಕೈಗೆ ವಾಪಸು ಕೊಟ್ಟುಬಿಟ್ಟಳು!

"ಇದು ನಮ್ಮವ್ವನ್ ಹೆಸ್ರು ಖೋಲಾ. ನನ್ ಮಗು ಉಂಡಿದ್ದು ಇದ್ರಲ್ಲೇ. ಇದು ನಿಮ್ ತಾವ ಇದ್ರೆ ನಾನು ಬರ್ಲೇಬೇಕಾಯ್ತದೆ" ಎಂದಳು.

ಕನ್ನಡ ಬಾರದ ಸನೋಬರ್ ಗಟ್ಟಿಯಾಗಿ ತಲೆಯಾಡಿಸಿದಳು. ಕಾರಿನೊಳಗಿಂದ ಇಂಚರ "ನಮ್ ಡಬ್ಬಿ! ನಮ್ ಡಬ್ಬಿ!" ಎಂದು ಕೂಗುತ್ತಿದ್ದುದು ತಿರುವಿನ ತನಕ ಕೇಳಿಸಿತು.

ನನಗೆ ವಿಪರೀತ ಸಿಟ್ಟು ಬಂತು. ಹೇಳುತ್ತೇನೆ, ಮುಚ್ಚಿಡುವುದೇನಿದೆ? ತಾಯಿಯ ಹೆಸರನ್ನು ಪರದೇಶದಲ್ಲಿ ಬಿಟ್ಟು ಹೋದಳಲ್ಲ ಎಂದು ವರ್ಷಗಟ್ಟಲೆ ಕುದಿದೆ. ನನ್ನನ್ನು ಕಿಟಕಿಯ ಪಕ್ಕದ ಗೂಡಿನಲ್ಲಿ ಇಟ್ಟರು. ಮುಂದಿನ ಬೇಸಿಗೆಯಲ್ಲಿ ಅಂಗಳದ ಮರ ಹಣ್ಣು ಬಿಟ್ಟಿತು. ಸನೋಬರ್ ನನ್ನಲ್ಲಿದ್ದ ಹಳೆಯ ಏಪ್ರಿಕಾಟನ್ನು ಮಕ್ಕಳಿಗೆ ಹಂಚಿ, ನನ್ನನ್ನು ತೊಳೆದು, ಹೊಸದನ್ನು ತುಂಬಿ ಮುಚ್ಚಳ ಹಾಕಿದಳು. ಅದರ ಮುಂದಿನ ವರ್ಷವೂ ಹಾಗೇ ಮಾಡಿದಳು.

ಐದನೆಯ ವರ್ಷ ಅವಳ ಮಗನ ಫೋನಿನಲ್ಲಿ ಯಶೋದಳ ಮುಖ ಕಾಣಿಸಿತು. ಪಕ್ಕದಲ್ಲಿ ಹೊಂಬಮ್ಮ! ತಲೆ ಪೂರಾ ಬೆಳ್ಳಗಾಗಿತ್ತು. "ಎಲ್ಲವ್ವ ನನ್ ಡಬ್ಬಿ? ತೋರ್ಸು" ಎಂದಳು. ನನ್ನನ್ನು ಫೋನಿನ ಮುಂದೆ ಹಿಡಿದರು. ಬೈಗುಳಕ್ಕೆ ಕಾದೆ.

"ಖಾಲಿ ಇಟ್ಟವ್ರಾ?" ಎಂದು ಅವಳು ಕೇಳಿದಳು.

ಯಶೋದ ಕೈಸನ್ನೆ ಮಾಡಿದಳು. ಸನೋಬರ್ ಮುಚ್ಚಳ ತೆಗೆದು ತೋರಿಸಿದಳು. ಹೊಂಬಮ್ಮ ಬಹಳ ಹೊತ್ತು ನೋಡಿದಳು. "ಸರಿ ಬುಡು. ಅಲ್ಲೇ ಇರ್ಲಿ. ನನ್ ಮಗಳು ಬಂದ್ಲಲ್ಲ, ಸಾಕು" ಎಂದಳು. ಅವಳಿಗೆ ಬೇಕಾಗಿದ್ದದ್ದು ಡಬ್ಬಿಯಲ್ಲ ಎಂಬುದು ನನಗೆ ಆಗ ಹೊಳೆಯಿತು. ಸ್ವಲ್ಪ ಬೇಜಾರಾಯಿತು, ಸಿಟ್ಟು ಮಾತ್ರ ಅಲ್ಲಿಗೆ ಇಳಿಯಿತು. ಅದಾದ ಎರಡು ವರ್ಷಕ್ಕೆ ಹೊಂಬಮ್ಮ ತೀರಿಕೊಂಡ ಸುದ್ದಿ ಬಂತು. ಆವತ್ತು ಸನೋಬರ್ ನನ್ನ ಮುಂದೆ ಕೂತು ಅಂಗೈ ಚಾಚಿ ಪ್ರಾರ್ಥನೆ ಮಾಡಿದಳು.

ಈಗ ಹದಿನಾರು ಬೇಸಿಗೆ ಕಳೆದಿವೆ. ಯಶೋದ "ಬರೋ ವರ್ಷ, ಬರೋ ವರ್ಷ" ಎನ್ನುತ್ತಿದ್ದಳು. ಆಮೇಲೆ ಫೋನ್ ನಂಬರುಗಳು ಬದಲಾದವು. ಸನೋಬರಳಿಗೆ ಮರೆವು ಹತ್ತಿದೆ. ಸೊಸೆಯನ್ನು ತಂಗಿ ಎಂದು ಕರೆಯುತ್ತಾಳೆ, ಮೊಮ್ಮಕ್ಕಳ ಹೆಸರು ನೆನಪಿಲ್ಲ, ಊಟ ಮಾಡಿದ್ದೂ ನೆನಪಿಲ್ಲ.

ಹೋದ ತಿಂಗಳು ಸೊಸೆ ಗೂಡು ಒರೆಸುವಾಗ ನನ್ನನ್ನು ತೊಳೆದು, ಕಲ್ಲನ್ನು ಮಾತ್ರ ಒಳಗೆ ಹಾಕಿ, ಖಾಲಿಯಾಗಿಯೇ ಮೇಲಿಟ್ಟಳು. ಈ ಸಲದ ಹಣ್ಣು ಇನ್ನೂ ಒಣಗಿರಲಿಲ್ಲ. ಮಧ್ಯಾಹ್ನ ಸನೋಬರ್ ಗೋಡೆ ಹಿಡಿದುಕೊಂಡು ಬಂದು, ಯಾಕೋ ನನ್ನನ್ನು ಎತ್ತಿದಳು. ಒಳಗೆ ಕಲ್ಲು ಟಣ್ ಎಂದಿತು. ಮುಚ್ಚಳ ತೆಗೆದು ಕೈ ಹಾಕಿದಳು. ಆಮೇಲೆ ಆ ಮುದುಕಿ ಕೂಗಿದ ಕೂಗಿಗೆ ಇಡೀ ಮನೆ ಓಡಿ ಬಂತು.

"ಆ ಮಗು ಡಬ್ಬಿ ಕೇಳಿಕೊಂಡು ಬಂದರೆ ಏನು ಕೊಟ್ಟು ಕಳಿಸುತ್ತೀಯೇ? ಖಾಲಿ ಕಳಿಸುತ್ತೀಯಾ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಅವರ ಮಾತು ನನಗೆ ಚೆನ್ನಾಗಿ ಬರುತ್ತದೆ. ಸೊಸೆ ಒಳಗಿದ್ದ ಒಣದ್ರಾಕ್ಷಿಯನ್ನೆಲ್ಲ ತಂದು ಸುರಿದಳು. ಸನೋಬರ್ ತಾನೇ ಮುಚ್ಚಳ ಒತ್ತಿ, ಹೆಸರು ಕಾಣುವಂತೆ ನನ್ನನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಳು. ಇಲ್ಲಿ ಆ ಅಕ್ಷರ ಓದಬಲ್ಲವರು ಒಬ್ಬರೂ ಇಲ್ಲ.

ನನ್ನ ಹೊಳಪು ಹೋಗಿದೆ, ಹಿಡಿ ಸಡಿಲವಾಗಿದೆ, ಇಂಚರ ಎಳೆದಾಡಿದ ಗೀರುಗಳು ತಳದಲ್ಲಿ ಹಾಗೇ ಇವೆ. ದಿನವೂ ಅದೇ ನೀಲಿ ಬಾಗಿಲನ್ನು ನೋಡುತ್ತ ಕೂತಿರುತ್ತೇನೆ. ತಡವಾಯಿತು ಹೊಂಬಮ್ಮ, ಬಹಳ ತಡವಾಯಿತು. ಆದರೆ ಯಾವತ್ತು ಬಂದರೂ ಖಾಲಿ ಬರುವುದಿಲ್ಲ.